ಭಾರ ಇಳಿಯಿತು, ದಾರ ಬೆಳೆಯಿತು

ಬಾವಿಯಿಂದ ನೀರು ಸೇದಿದವರನ್ನು ಕೇಳಿ, ರಾಟೆಯಿದ್ದರೆ ಕೊಡ ಹಗುರ ಎನ್ನುತ್ತಾರೆ. ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿ ಮಾತ್ರ ಇದನ್ನು ಒಪ್ಪುವುದಿಲ್ಲ. ಸ್ಟ್ಯಾಂಡಿಗೆ ರಾಟೆ ಬಿಗಿದು, ದಾರದ ಒಂದು ತುದಿಗೆ ಒಂದು ಕಿಲೋ ಭಾರ ಕಟ್ಟಿ, ಇನ್ನೊಂದು ತುದಿಯನ್ನು ತಕ್ಕಡಿಯಿಂದ ಕೆಳಕ್ಕೆಳೆಯಿರಿ. ಮುಳ್ಳು 9.8 ನ್ಯೂಟನ್ ದಾಟಿಯೇ ನಿಲ್ಲುತ್ತದೆ. ಕಡಿಮೆಯಾಗುವುದಿರಲಿ, ಅಚ್ಚಿನ ಘರ್ಷಣೆಯೂ ಬಂದು ಸೇರಿಕೊಂಡಿರುತ್ತದೆ. ಸ್ಥಿರ ರಾಟೆ ಬದಲಿಸುವುದು ಎಳೆತದ ದಿಕ್ಕನ್ನಷ್ಟೇ. ಬಗ್ಗಿ ಮೇಲಕ್ಕೆತ್ತುವ ಬದಲು ನೆಟ್ಟಗೆ ನಿಂತು, ಮೈಭಾರವನ್ನೇ ಹಗ್ಗಕ್ಕೆ ಹಾಕಿ ಎಳೆಯುತ್ತೇವಲ್ಲ, ಹಗುರ ಅನ್ನಿಸುವುದು ಅದಕ್ಕೆ.

ರಾಟೆಯನ್ನು ಬಿಚ್ಚಿ ಭಾರದ ಜೊತೆಗೇ ತೂಗಿಬಿಟ್ಟರೆ ಕತೆ ಬೇರೆ. ದಾರದ ಒಂದು ತುದಿ ಸ್ಟ್ಯಾಂಡಿಗೆ, ಇನ್ನೊಂದು ಕೈಗೆ. ಈಗ ಭಾರ ಹೊರುವ ಎಳೆಗಳು ಎರಡು. ಅರ್ಧ ಭಾರ ಸ್ಟ್ಯಾಂಡಿನ ಪಾಲು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೋಡಬೇಕು: ಭಾರ 20 ಸೆಂ.ಮೀ. ಏರುವಷ್ಟರಲ್ಲಿ ಕೈ 40 ಸೆಂ.ಮೀ. ದಾರ ಎಳೆದಿರುತ್ತದೆ. ಕ್ರೇನಿನ ಕೊಕ್ಕೆಯನ್ನು ನಾಲ್ಕು ಎಳೆಗಳು ಹೊತ್ತಿದ್ದರೆ ಭಾರ ಒಂದು ಮೀಟರ್ ಏರಲು ನಾಲ್ಕು ಮೀಟರ್ ಹಗ್ಗ ಸುತ್ತಬೇಕು. ಸಿರಾಕ್ಯೂಸ್‌ನ ದೊರೆ ಹೀರೋನ್ ಎದುರು ಆರ್ಕಿಮಿಡೀಸ್ ತುಂಬಿದ ಹಡಗನ್ನು ರಾಟೆಗಳಿಂದ ಕೂತಲ್ಲೇ ಎಳೆದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಓದಿದಾಗಲೆಲ್ಲ ನನಗೆ ಕುತೂಹಲ ಹುಟ್ಟುವುದು ಆ ಹಗ್ಗದ ಉದ್ದದ ಬಗ್ಗೆ.

ಇನ್ನು ರೆಕಾರ್ಡ್ ಪುಸ್ತಕದ ವಿಷಯ. ತೂಗಿಬಿಟ್ಟ ರಾಟೆಯದೇ ತೂಕ 100 ಗ್ರಾಂ ಎಂದುಕೊಳ್ಳಿ. ಲೆಕ್ಕದ ಪ್ರಕಾರ 4.9 ಬರಬೇಕಾದಲ್ಲಿ ತಕ್ಕಡಿ 5.8 ತೋರಿಸಿತು ಅನ್ನಿ. ಎಷ್ಟೋ ಮಕ್ಕಳು ಅದನ್ನು 4.9 ಎಂದೇ ತಿದ್ದಿ ಬರೆಯುತ್ತಾರೆ. ದಯವಿಟ್ಟು ತಿದ್ದಬೇಡಿ, ಪಾಠವೆಲ್ಲ ಇರುವುದು ಆ ಹೆಚ್ಚುವರಿ 0.9 ರಲ್ಲೇ. ಭಾರದ ಜೊತೆ ರಾಟೆಯೂ ಏರುತ್ತದೆ, ಹಾಗಾಗಿ ಕೈಗೆ ಬರುವುದು 1.1 ಕಿಲೋದ ಅರ್ಧ, ಸುಮಾರು 5.4 ನ್ಯೂಟನ್. ಮಿಕ್ಕ 0.4 ಘರ್ಷಣೆಯದು. ಖಾತ್ರಿ ಮಾಡಿಕೊಳ್ಳಬೇಕೆ? ಭಾರವನ್ನು ಅಷ್ಟೇ ನಿಧಾನವಾಗಿ ಇಳಿಸುತ್ತ ಮುಳ್ಳನ್ನು ನೋಡಿ. ಏರಿಸುವಾಗ ಅಡ್ಡಬಂದ ಘರ್ಷಣೆ ಇಳಿಸುವಾಗ ಕೈಗೆ ನೆರವಾಗುತ್ತದೆ. ಮುಳ್ಳು 5ರ ಆಸುಪಾಸಿಗೆ ಬರುತ್ತದೆ. ಎರಡರ ಸರಾಸರಿ ಮತ್ತೆ ಅದೇ 5.4.

ಕೋಷ್ಟಕದಲ್ಲಿ ಇಳಿಸುವಾಗಿನ ರೀಡಿಂಗಿಗೂ ಒಂದು ಕಾಲಂ ಹಾಕಿಸಿ. ಆಮೇಲೆ ಅಚ್ಚಿಗೆ ಒಂದು ಹನಿ ಎಣ್ಣೆ ಬಿಟ್ಟು ಇನ್ನೊಮ್ಮೆ ಅಳೆಯಲು ಹೇಳಿ. ಘರ್ಷಣೆ ತಗ್ಗಿದಷ್ಟೂ ಎರಡು ಕಾಲಂಗಳ ನಡುವಿನ ಅಂತರ ಕುಗ್ಗುತ್ತದೆ, ಸರಾಸರಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.