ತುಂಗಭದ್ರೆಯ ಗಡಿ: 1800ರ ಒಪ್ಪಂದದ ಅರ್ಥನಿರ್ಣಯ

ಒಪ್ಪಂದವೊಂದನ್ನು ಅರ್ಥೈಸುವಾಗ ಪದಗಳ ಸಹಜಾರ್ಥ, ಸಂದರ್ಭ ಹಾಗೂ ಉದ್ದೇಶಗಳನ್ನು ಒಟ್ಟಾಗಿ ಪರಿಗಣಿಸಬೇಕೆಂಬುದು 1969ರ ವಿಯೆನ್ನಾ ಒಡಂಬಡಿಕೆಯ 31ನೆಯ ವಿಧಿಯ ತಾತ್ಪರ್ಯ. ಆ ಒಡಂಬಡಿಕೆಯು ಪೂರ್ವಕಾಲದ ಒಪ್ಪಂದಗಳಿಗೆ ಅನ್ವಯಿಸದಾದರೂ ಈ ಕ್ರಮವು ಹಳೆಯ ದಾಖಲೆಗಳ ಓದಿಗೆ ನೆರವಾಗುತ್ತದೆ. ಕೊಪ್ಪಳ ಸೀಮೆಯ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವಿದೆ.

1800ರ ಅಕ್ಟೋಬರ್ 12ರಂದು ಹೈದರಾಬಾದಿನ ನಿಜಾಮನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಯಿತು. 1792 ಮತ್ತು 1799ರ ಒಪ್ಪಂದಗಳಿಂದ ತನಗೆ ದೊರೆತಿದ್ದ ಮೈಸೂರಿನ ಪ್ರದೇಶಗಳನ್ನು ನಿಜಾಮನು ಸಹಾಯಕ ಸೈನ್ಯದ ವೆಚ್ಚಕ್ಕಾಗಿ ಐದನೆಯ ವಿಧಿಯಲ್ಲಿ ಕಂಪನಿಗೆ ಬಿಟ್ಟುಕೊಟ್ಟನು. ಇದೊಂದನ್ನೇ ಓದಿದರೆ ಕೊಪ್ಪಳವೂ ಕಂಪನಿಯ ಪಾಲೆಂದೇ ತೋರುತ್ತದೆ. ಆದರೆ ಆರನೆಯ ವಿಧಿಯು ತುಂಗಭದ್ರೆಯ ಉತ್ತರದಲ್ಲಿದ್ದ ಕೊಪ್ಪಳ, ಗಜೇಂದ್ರಗಡ ಮೊದಲಾದವುಗಳನ್ನು ನಿಜಾಮನಿಗೇ ಉಳಿಸಿ, ಬದಲಿಗೆ ದಕ್ಷಿಣದ ಆದವಾನಿಯನ್ನು ಕಂಪನಿಗೆ ಕೊಡಿಸಿತು. ಗಡಿಯು ಸ್ಪಷ್ಟವಾಗಿರಬೇಕೆಂಬ ಕಾರಣವನ್ನೂ ಅದೇ ವಿಧಿ ಹೇಳಿತು. ಆದ್ದರಿಂದ ಪ್ರದೇಶಗಳ ಹೆಸರುಗಳಲ್ಲಿ ಸಂದೇಹ ಬಂದಲ್ಲಿ ನದಿಯನ್ನೇ ಪ್ರಮಾಣವೆಂದು ಹಿಡಿಯುವುದು ಯುಕ್ತ.

ಆದರೆ ನದಿಯನ್ನು ಗಡಿಯೆಂದ ಮಾತ್ರಕ್ಕೆ ನೀರಿನ ಹಂಚಿಕೆ ನಿರ್ಣಯವಾಗದು. ಅಣೆಕಟ್ಟಿಗಾಗಿ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು 1944ರಲ್ಲಿ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಈ ಗಡಿಯಿಂದ ಆನೆಗೊಂದಿ ನಿಜಾಮನ ಆಳ್ವಿಕೆಯಲ್ಲಿ ಉಳಿಯಿತು, ಎದುರುದಡದ ಹಂಪಿ ಮದ್ರಾಸಿಗೆ ಸೇರಿತು. ಬಳ್ಳಾರಿ 1953ರಲ್ಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಮೇಲೆ ನದಿ ರಾಜ್ಯಗಳ ಗಡಿಯಾಗಿ ಇಲ್ಲಿ ಉಳಿಯಲಿಲ್ಲ. ಆದರೂ ಒಂದೇ ನುಡಿಯ ಜನ ಒಂದೂವರೆ ಶತಮಾನ ಎರಡು ಆಡಳಿತಗಳಲ್ಲಿ ಬಾಳಿದರು. ಗಡಿ ಒಪ್ಪಂದದ ಪೂರ್ಣಾರ್ಥವನ್ನು ಅರಿಯಲು ಅದರ ವಿಧಿಗಳೊಡನೆ ಈ ಬಾಳನ್ನೂ ಓದಬೇಕು.