ತೋಳು ತೋರಿಸಿದ ರಾಣಿ, ಬಾಗಿಲು ತಟ್ಟುವ ಸೊಸೆ

ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ 1805ರ ಸುಮಾರಿಗೆ ಬರೆದ ತೈಲಚಿತ್ರವೊಂದರಲ್ಲಿ ಮೈತುಂಬ ಒಡವೆ ತೊಟ್ಟ ಮೂವರು ಹೆಂಗಸರಿದ್ದಾರೆ. ಬಹುಕಾಲ ಇವರನ್ನು ನರ್ತಕಿಯರೆಂದೋ ಗಣಿಕೆಯರೆಂದೋ ತಿಳಿಯಲಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಕಣ್ಣು ನೆಟ್ಟದ್ದು ಬಲಬದಿಯವಳ ಎಡತೋಳಿನ ಮೇಲೆ. ಸೆರಗು ಮುಚ್ಚಬೇಕಾದ ಆ ತೋಳು ತೆರೆದಿದೆ. ಆಕೆ ಬೆರಳಿಟ್ಟು ತೋರಿಸುತ್ತಿರುವುದೂ ಅದನ್ನೇ. ಚಾನ್ಸೆಲರ್ ಅವರ ಪ್ರಕಾರ ಆಕೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿದ ಜಾಗವನ್ನು.

ಚಿತ್ರವನ್ನು ಹತ್ತಿರದಿಂದ ನೋಡಿದಷ್ಟೂ ಕುತೂಹಲ ಕೆರಳುತ್ತದೆ. ಎಡಬದಿಯಲ್ಲಿರುವವಳು ರಾಜನ ಹಿರಿಯ ರಾಣಿ ಎಂಬುದು ಚಾನ್ಸೆಲರ್ ಊಹೆ. ಅವಳ ಹೆಸರೂ ದೇವಾಜಮ್ಮಣ್ಣಿಯೇ. ಅವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬೇರೆಯಾಗಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೇರಿಸಿ ಸಣ್ಣಗೆ ರೋಗ ತರಿಸುವ ಹಳೆಯ ಪದ್ಧತಿಯೊಂದಿತ್ತು, ಇದು ಅದರ ಗುರುತಿರಬಹುದು. ಹಾಗಿದ್ದರೆ ಒಂದೇ ಚೌಕಟ್ಟಿನೊಳಗೆ ಹಳೆಯ ಮದ್ದೂ ಹೊಸ ಮದ್ದೂ ಅಕ್ಕಪಕ್ಕ ನಿಂತಿವೆ! ನಡುವಿನವರು ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ ಎನ್ನುತ್ತಾರೆ. ಈ ಗುರುತುಗಳಲ್ಲಿ ಊಹೆಯ ಪಾಲು ಇದ್ದೇ ಇದೆ. ಆದರೆ ಆ ತೆರೆದ ತೋಳಿಗೆ ಇದಕ್ಕಿಂತ ಒಪ್ಪುವ ಕಾರಣವನ್ನು ಬೇರಾರೂ ಕೊಟ್ಟಂತಿಲ್ಲ. ಆಗ ರಾಜನಿಗೂ ಕಿರಿಯ ರಾಣಿಗೂ ಹನ್ನೆರಡರ ಆಸುಪಾಸಿನ ವಯಸ್ಸು. ಲಸಿಕೆ ಬೇಕೆ ಎಂದು ಆ ಹುಡುಗಿಯನ್ನು ಕೇಳಿದವರಿದ್ದರೆ? ಇದ್ದಿರಲಾರರು. ಆದರೂ ರಾಣಿ ಹಾಕಿಸಿಕೊಂಡ ಮೇಲೆ ಜನ ಮುಂದೆ ಬಂದರೆಂದು 1806ರ ಈಸ್ಟ್ ಇಂಡಿಯಾ ಕಂಪನಿಯ ದಾಖಲೆ ಹೇಳುತ್ತದೆ.

ರಾಣಿಯ ಹೆಸರು ಉಳಿಯಿತು. ಲಸಿಕೆಯನ್ನು ಮೈಸೂರಿನವರೆಗೆ ಮೈಯಲ್ಲೇ ಹೊತ್ತು ತಂದವರ ಹೆಸರು ಉಳಿಯಲಿಲ್ಲ. ಶೀತಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕುತ್ತ ಊರಿಂದೂರಿಗೆ ಸಾಗಬೇಕಿತ್ತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಭಾರತದ ಮೊದಲ ಲಸಿಕೆ ಪಡೆದ ಮೂರು ವರ್ಷದ ಆ್ಯನಾ ಡಸ್ಟ್‌ಹಾಲ್ ಹೆಸರು ಪುಸ್ತಕಗಳಲ್ಲಿದೆ. ಅವಳ ನಂತರದ ಸರಪಳಿಯ ಮಕ್ಕಳು ಬಹುಪಾಲು ಅನಾಮಿಕರು. ಮನೆಮನೆಗೆ ಹೋಗಿ ಲಸಿಕೆ ಹಾಕಿದವರೂ ಹಾಗೆಯೇ.

ಮೈಸೂರಿನ ಈ ಚಿತ್ರಕ್ಕೂ ಕರ್ನಾಟಕದ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಜಯಸಿಂಗಪುರಕ್ಕೂ ಏನು ಸಂಬಂಧ? ಎಡತೋಳಿನ ಸಂಬಂಧ. ಇಂದು ಹುಟ್ಟಿದ ಕೂಸಿಗೆ ಕ್ಷಯದ ವಿರುದ್ಧ ಕೊಡುವ ಬಿಸಿಜಿ ಸೂಜಿ ಬೀಳುವುದೂ ಎಡ ಮೇಲ್ದೋಳಿಗೇ. ಎಲ್ಲರಿಗೂ ಒಂದೇ ಜಾಗವಾದರೆ ಮುಂದೆ ಕಲೆ ಹುಡುಕುವುದು ಸುಲಭ ಎಂಬುದು ಕಾರಣ. ಆ ಕಲೆಯನ್ನು ಹುಡುಕಿಕೊಂಡು ಮನೆಗೆ ಬರುವವಳು ಆಶಾ ಕಾರ್ಯಕರ್ತೆ.

ಶಾಹೂ ಮಹಾರಾಜರು ಕಟ್ಟಿಸಿ, ತಂದೆ ಜಯಸಿಂಗರಾವ್ ಘಾಟ್ಗೆಯವರ ಹೆಸರಿಟ್ಟ ಜಯಸಿಂಗಪುರ ಪೇಟೆ ಶಿರೋಳ ತಾಲ್ಲೂಕಿನಲ್ಲಿದೆ. ಕಚೇರಿಯಲ್ಲಿ ಮರಾಠಿ, ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕನ್ನಡ. 2005ರಲ್ಲಿ ಆಶಾ ಯೋಜನೆ ರೂಪಿಸಿದವರು ಒಂದು ನಿಯಮ ಮಾಡಿದರು: ಕಾರ್ಯಕರ್ತೆ ಅದೇ ಊರಿನ ನಿವಾಸಿಯಾಗಿರಬೇಕು, ಆದಷ್ಟು ಮಟ್ಟಿಗೆ ಮದುವೆಯಾದವಳಾಗಿರಬೇಕು, ಅಂದರೆ ಬಹುಪಾಲು ಆ ಊರಿನ ಸೊಸೆ. ಮದುವೆಯಾಗಿ ಹೊರಟುಹೋಗದವಳು ಬೇಕೆಂಬುದು ಅವರ ಲೆಕ್ಕ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯಿಂದ ಹೆಣ್ಣು ತರುವ ಈ ಗಡಿಯಲ್ಲಿ ಆ ನಿಯಮದಿಂದ ಇನ್ನೊಂದು ಲಾಭವೂ ಆಯಿತು. ಮರಾಠಿಯಲ್ಲಿ ಬಂದ ಆರೋಗ್ಯ ಸೂಚನೆಯನ್ನು ಅತ್ತೆಗೆ ಕನ್ನಡದಲ್ಲಿ ತಿಳಿಹೇಳುವ ಹೆಣ್ಣುಮಗಳು ಓಣಿಯಲ್ಲೇ ಸಿಗುವಂತಾಯಿತು. ಯಾವ ಭಾಷಾ ಆಯೋಗವೂ ಮಾಡದ ಕೆಲಸ ಇದು.

ಗಡಿಯ ತೊಡಕು ಬೇರೆಯೇ ಇದೆ. ಚೊಚ್ಚಲ ಬಾಣಂತನ ತವರಿನಲ್ಲಿ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ ಹನಿ, ಆರನೇ ವಾರದ ಸೂಜಿ ಕರ್ನಾಟಕದಲ್ಲಿ ಆಗಿ ಕನ್ನಡದ ತಾಯಿ ಕಾರ್ಡ್‌ನಲ್ಲಿ ದಾಖಲಾಗುತ್ತವೆ. ತೊಟ್ಟಿಲು ಗಂಡನ ಮನೆಗೆ ಬಂದ ಮೇಲೆ ಹತ್ತನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಸೂಜಿಯ ಸರದಿ ಮಹಾರಾಷ್ಟ್ರದ ವಹಿಯಲ್ಲಿ ನಡೆಯಬೇಕು. ಈಗ ಯು-ವಿನ್ ಜಾಲತಾಣ ದೇಶಕ್ಕೆಲ್ಲ ಒಂದೇ ದಾಖಲೆ ಇಡುತ್ತದೆ. ಆದರೆ ಕೂಸು ಬಂತೋ ಇಲ್ಲವೋ ಎಂದು ಬಾಗಿಲಿಗೆ ಹೋಗಿ ಕೇಳುವುದು ಜಾಲತಾಣದ ಕೈಲಾಗುವ ಮಾತಲ್ಲ, ಅದು ಆಶಾ ಕಾರ್ಯಕರ್ತೆಯ ಕೆಲಸ. “ಛಲೋ ಇದ್ದ ಕೂಸಿಗೆ ಸೂಜಿ ಮಾಡ್ಸಿ ಜ್ವರಾ ತರ್ಸಿದ್ರಿ” ಎನ್ನುವ ಅಜ್ಜಿಯ ಮುಂದೆ ಕೂತು, ಜ್ವರ ಒಂದೆರಡು ದಿನದ್ದು, ಗಂಟಲುಮಾರಿ ಬಂದರೆ ಜೀವದ್ದು ಎಂದು ಒಪ್ಪಿಸಬೇಕಾದವಳೂ ಅವಳೇ. ಬಯ್ಗುಳ ತಿಂದ ಮನೆಗೆ ಮುಂದಿನ ತಿಂಗಳು ಮತ್ತೆ ಹೋಗುವುದಕ್ಕೆ ಧೈರ್ಯ ಬೇಕು. ಕಬ್ಬಿನ ಹಂಗಾಮಿನಲ್ಲಿ ಹೊರಗಿನಿಂದ ಬರುವ ಕಟಾವು ಗ್ಯಾಂಗುಗಳ ಜೋಪಡಿಗಳಲ್ಲಿ ಯಾವ ಊರಿನ ಪಟ್ಟಿಗೂ ಸೇರದ ಮಕ್ಕಳಿರುತ್ತಾರೆ. ಅವರನ್ನು ಎಣಿಸುವ ಹೊಣೆಯೂ ಇವಳ ತಲೆಗೇ.

2022ರ ಮೇ 22ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಘೋಷಿಸಿತು. ಅದೇ ದಿನ ಅದೇ ಗೌರವ ಪಡೆದವರಲ್ಲಿ ಅಫ್ಘಾನಿಸ್ತಾನದ ಎಂಟು ಮಂದಿ ಪೋಲಿಯೊ ಕಾರ್ಯಕರ್ತರಿದ್ದರು. ಫೆಬ್ರುವರಿ 24ರಂದು ಲಸಿಕೆ ಹಾಕಲು ಹೊರಟಿದ್ದಾಗ ಅವರನ್ನು ಗುಂಡಿಕ್ಕಿ ಕೊಲ್ಲಲಾಗಿತ್ತು, ಅವರಲ್ಲಿ ನಾಲ್ವರು ಮಹಿಳೆಯರು.

ಪ್ರಶಸ್ತಿ ಬಂದ ಆಶಾಗಳ ಸಂಭಾವನೆಯ ಕತೆ ಬೇರೆ. ಸರ್ಕಾರದ ಕಡತದಲ್ಲಿ ಇವರು ಇಂದಿಗೂ ಗೌರವ ಸ್ವಯಂಸೇವಕಿಯರು. ಮಗುವೊಂದಕ್ಕೆ ವರ್ಷದೊಳಗೆ ಎಲ್ಲ ಲಸಿಕೆ ಹಾಕಿಸಿದರೆ 100 ರೂಪಾಯಿ, ಎರಡನೇ ವರ್ಷದವುಗಳಿಗೆ 75 ರೂಪಾಯಿ ಪ್ರೋತ್ಸಾಹಧನ. 2020ರ ಜುಲೈನಲ್ಲಿ ಕರ್ನಾಟಕದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ಕೇಳಿ ಕೆಲಸ ನಿಲ್ಲಿಸಿದರು. 2021ರ ಜೂನ್‌ನಲ್ಲಿ, ಕೋವಿಡ್ ನಡುವೆಯೇ, ಮಹಾರಾಷ್ಟ್ರದ ಆಶಾಗಳೂ ಮುಷ್ಕರ ಹೂಡಬೇಕಾಯಿತು. ಕೈ ಚಾಚಿ ಕೇಳದೆ ಹಕ್ಕಿನ ಹಣ ಬಾರದಿದ್ದರೆ ಆ ಸನ್ಮಾನ ಅರ್ಧದ್ದು.

ಊರಿನವರು ಮನಸ್ಸು ಮಾಡಿದರೆ ಏನಾಗುತ್ತದೆಂದು ಇದೇ ಶಿರೋಳ ತಾಲ್ಲೂಕು ತೋರಿಸಿದೆ. ಜಿನೀವಾದ ಘೋಷಣೆಗೆ ಹದಿನೆಂಟು ದಿನ ಮೊದಲು, ಮೇ 4ರಂದು, ಹೇರವಾಡ ಗ್ರಾಮ ಪಂಚಾಯಿತಿ ಬಳೆ ಒಡೆಯುವ, ಕುಂಕುಮ ಅಳಿಸುವ ವಿಧವಾ ಪದ್ಧತಿಗಳನ್ನು ನಿಲ್ಲಿಸುವ ನಿರ್ಣಯ ಮಾಡಿತು. ಎರಡೇ ವಾರದಲ್ಲಿ ರಾಜ್ಯ ಸರ್ಕಾರ ಉಳಿದ ಊರುಗಳೂ ಇದನ್ನು ಅನುಸರಿಸಲಿ ಎಂದು ಸುತ್ತೋಲೆ ಹೊರಡಿಸಿತು. ಒಂದು ಹಳ್ಳಿಯ ಠರಾವಿಗೆ ಅಷ್ಟು ಬಲವಿದೆ.

ಮಹಾರಾಷ್ಟ್ರದ ಗ್ರಾಮಸಭೆಗಳು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಕೂಡುತ್ತವೆ. ಶಿರೋಳದ, ಗಡಿಯಲ್ಲೇ ಇರುವ ಗಡಹಿಂಗ್ಲಜ ತಾಲ್ಲೂಕಿನ ಹಳ್ಳಿಗಳು ಮುಂದಿನ ಸಭೆಯಲ್ಲಿ ತಮ್ಮೂರಿನ ಆಶಾಗಳನ್ನು ಹೆಸರು ಹಿಡಿದು ಕರೆಯಲಿ. ಅವರು ಎಷ್ಟು ಕೂಸುಗಳ ಲಸಿಕೆ ಪೂರ್ತಿ ಮಾಡಿಸಿದ್ದಾರೆ, ಎಷ್ಟು ತಿಂಗಳ ಹಣ ಬಾಕಿಯಿದೆ ಎಂಬುದನ್ನು ಊರಿಗೆ ತಿಳಿಯುವ ಭಾಷೆಯಲ್ಲಿ ಓದಿಸಲಿ, ಬಾಕಿ ಕೊಡಿಸುವ ಠರಾವನ್ನು ಅಂದೇ ಬರೆಸಲಿ.