ಎಸ್ಟೇಟ್ ಗೊತ್ತು, ಕಲಾವಿದ ಗೊತ್ತಾ?

ರೋರಿಕ್ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗೋದು ತಾತಗುಣಿ ಎಸ್ಟೇಟ್. ಎಷ್ಟು ಎಕರೆ, ಯಾರ ಹೆಸರಿಗೆ, ಕೋರ್ಟಿನಲ್ಲಿ ಏನಾಯ್ತು? ಚರ್ಚೆ ಅಲ್ಲಿಗೇ ಮುಗಿಯುತ್ತೆ. ನಾನು ಇವತ್ತು ಆ ಮನುಷ್ಯನ ಬಗ್ಗೆ ಹೇಳ್ತೀನಿ.

ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು 1904ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ನಿಕೊಲಸ್ ರೋರಿಕ್ ಹಿಮಾಲಯದ ಚಿತ್ರಗಳಿಗೆ ಜಗತ್ತಿನಲ್ಲೇ ಹೆಸರಾದವರು. ಮಗ ಲಂಡನ್ನಿನಲ್ಲಿ, ಆಮೇಲೆ ಅಮೆರಿಕದಲ್ಲಿ ವಾಸ್ತುಶಿಲ್ಪ ಓದಿದರು. 1920ರ ದಶಕದಲ್ಲಿ ಈ ಕುಟುಂಬ ಕುಲು ಕಣಿವೆಯಲ್ಲಿ ನೆಲೆ ನಿಂತಿತು. 1945ರಲ್ಲಿ ಸ್ವೆತೊಸ್ಲಾವ್ ಮದುವೆಯಾಗಿದ್ದು ದೇವಿಕಾ ರಾಣಿಯವರನ್ನು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದ ಅದೇ ದೇವಿಕಾ ರಾಣಿ!

ದಂಪತಿ ಬೆಂಗಳೂರಿಗೆ ಬಂದರು. ಕೆಂಗೇರಿ ಹೋಬಳಿಯ ಬಿ.ಎಂ. ಕಾವಲ್ ಮತ್ತು ಪಕ್ಕದ ಉತ್ತರಹಳ್ಳಿ ಹೋಬಳಿಯಲ್ಲಿ ಸುಮಾರು 470 ಎಕರೆ. ಅದರಲ್ಲಿ 100 ಎಕರೆಯನ್ನು 1954ರಲ್ಲಿ ಸರ್ಕಾರವೇ ಲಿನಾಲೋ ಬೆಳೆಸೋಕೆ ಕೊಟ್ಟಿತ್ತು. ಸುಗಂಧ ತೈಲ ಕೊಡುವ ಈ ಮರದ ಮೂಲ ಮೆಕ್ಸಿಕೋ.

ಇನ್ನು ಚಿತ್ರಕಲೆ. ಮುಖವನ್ನು ಇದ್ದ ಹಾಗೆ ಹಿಡಿಯೋದು, ಮೈಕಟ್ಟಿಗೆ ತೂಕ ಕೊಡೋದು ರೋರಿಕ್‌ಗೆ ಯುರೋಪಿನಿಂದ ಬಂದ ವಿದ್ಯೆ. ಅವರು ಬರೆದ ನೆಹರೂ ಭಾವಚಿತ್ರ ಸಂಸತ್ತಿನ ಸೆಂಟ್ರಲ್ ಹಾಲ್‌ವರೆಗೆ ಹೋಯಿತು. ಆದರೆ ಅದೇ ಕೈ ಹೊಲದಲ್ಲಿ ದುಡಿಯೋ ದಕ್ಷಿಣ ಭಾರತದ ಹೆಣ್ಣುಮಕ್ಕಳನ್ನ ಬರೆಯುವಾಗ ಬಣ್ಣ ಉರಿಯುತ್ತೆ, ರೇಖೆ ಕುಣಿಯುತ್ತೆ, ನಮ್ಮ ಗೋಡೆಚಿತ್ರಗಳು ನೆನಪಾಗುತ್ತವೆ. ಅವರು ಹೆಚ್ಚಾಗಿ ಬಳಸಿದ್ದು ಟೆಂಪರಾ. ಬಣ್ಣದ ಪುಡಿಯನ್ನು ಮೊಟ್ಟೆಯಂಥ ಅಂಟಿನಲ್ಲಿ ಕಲಸಿ ಬಳಿಯುವ ವಿಧಾನ. ರಷ್ಯಾದ ಚರ್ಚುಗಳ ಪಟಗಳಿಗೂ ಅದೇ ಬಳಕೆ. ಅಂಟು ಬೇರೆಯಾದರೂ ನಮ್ಮ ಮೈಸೂರು ಶೈಲಿಯ ಚಿತ್ರಗಾರರೂ ಬಣ್ಣವನ್ನು ಹೀಗೇ ಕಲಸುತ್ತಿದ್ದರು. ಪೂರ್ವ, ಪಶ್ಚಿಮ ಬೆರೆತವು ಅಂತ ಸುಮ್ಮನೆ ಹೇಳಿಬಿಡ್ತೀವಲ್ಲ, ಅದು ನಡೆದಿದ್ದು ಹೀಗೆ, ಬಣ್ಣದ ಬಟ್ಟಲಿನಲ್ಲಿ. 1961ರಲ್ಲಿ ಪದ್ಮಭೂಷಣ ಬಂತು.

1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿಗೆ ಹಕ್ಕುದಾರರು ಎದ್ದರು. 1996ರಲ್ಲಿ ಕರ್ನಾಟಕ ಸರ್ಕಾರ ಈ ಎಸ್ಟೇಟಿಗಾಗಿಯೇ ಒಂದು ಕಾಯ್ದೆ ತಂದಿತು. 2011ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆಸ್ತಿ ಹಕ್ಕಿನ ಬಗ್ಗೆ ದೇಶದ ವಕೀಲರೆಲ್ಲ ಓದುವ ತೀರ್ಪು ಅದು.

ಆದರೆ ಗಮನಿಸಿ. ಕಾಯ್ದೆ ಜಮೀನು ಕೇಳಿದ್ದು ಯಾಕೆ? ಮರಗಳನ್ನು, ಚಿತ್ರಗಳನ್ನು, ಕಲಾವಸ್ತುಗಳನ್ನು ಉಳಿಸೋಕೆ. ಗ್ಯಾಲರಿ, ಮ್ಯೂಸಿಯಂ ಮಾಡೋಕೆ. ಅಂದರೆ ನಿಮಗೆ ತೋರಿಸೋಕೆ. ಹಾಗಾಗಿ ಸರ್ಕಾರ ಗೆದ್ದಿತಾ ಅನ್ನೋದನ್ನ ಪಹಣಿ ನೋಡಿ ತೀರ್ಮಾನಿಸಬೇಡಿ. ಕೆಂಗೇರಿಯ ಒಬ್ಬ ಶಾಲಾ ಹುಡುಗಿ ಆ ಚಿತ್ರಗಳ ಮುಂದೆ ನಿಂತಳಾ ಅಂತ ಕೇಳಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳಿವೆ. ಅಲ್ಲಿಗೆ ಹೋಗೋದಾದರೆ ಮಕ್ಕಳನ್ನೂ ಕರ್ಕೊಂಡು ಹೋಗಿ.